ವರ್ಷ ತುಂಬದ ಮನೆಗೆ ಬಂದ ಸ್ಪೀಕರು

ಚಳಿ ಶುರುವಾಗಿ ಹೀಟರ್ ಮೊದಲ ಸಲ ಹಾಕಿದ ದಿನ ಮನೆಯೆಲ್ಲ ಸುಟ್ಟ ಧೂಳಿನ ವಾಸನೆ. ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಡಲ್ಲಾಸ್ ಹತ್ತಿರದ ಪ್ಲೇನೋ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯ ಆಂಪ್ಲಿಫೈಯರ್ ನೆನಪಾಗುತ್ತದೆ. ಹಾಕಿ ತುಂಬ ಹೊತ್ತಾದ ಮೇಲೆ ಅದರಿಂದಲೂ ಇದೇ ವಾಸನೆ ಬರುತ್ತಿತ್ತು...

ಆಂಟಿ ಧಾರವಾಡದ ಕಡೆಯವರು. ಅಂಕಲ್‌ಗೆ ರಾತ್ರಿ ಪಾಳಿ, ಹಗಲು ನಿದ್ದೆ. ಆ ಮನೆಯಲ್ಲಿ ಮಿಕ್ಸಿ ಹಾಕಲೂ ಹೊತ್ತು ನೋಡಬೇಕಿತ್ತು. ತಬಲಾ ಎಂದರೆ ಜೀವ ಬಿಡುವ ಆಂಟಿ, ಪುಟ್ಟ ಟೇಪ್‌ರೆಕಾರ್ಡರ್‌ಗೆ ಕಿವಿ ಒತ್ತಿಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಿದ್ದರು. ಅದಕ್ಕೆ ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ. ಅಂಕಲ್ ಎಂದರೆ ಅವರಿಗೆ ಪ್ರಾಣ.

ಆ ಅಂಕಲ್ ಹೃದಯಾಘಾತವಾಗಿ ಹೋಗಿಬಿಟ್ಟರು. ಕೆಲವು ತಿಂಗಳಾದ ಮೇಲೆ ಆಂಟಿ ನಮ್ಮ ಬಾಗಿಲು ತಟ್ಟಿ, ಸ್ಪೀಕರ್ ತರಬೇಕು, ಡಲ್ಲಾಸ್‌ಗೆ ಕರೆದುಕೊಂಡು ಹೋಗು ಎಂದರು.

ಅಂಗಡಿಯವನು ಸಿನಿಮಾದ ಬಾಂಬು ಸಿಡಿಸಿ ತೋರಿಸಿ, ಐದು ಸ್ಪೀಕರ್‌ಗಳ ಸೆಟ್ಟನ್ನೇ ಹೊಗಳಿದ. ಆಂಟಿ ಕೈಚೀಲದಿಂದ ತಮ್ಮ ತಬಲಾ ಸಿ.ಡಿ. ತೆಗೆದುಕೊಟ್ಟು, ಒಂದೊಂದೇ ಜೋಡಿಯ ಮುಂದೆ ಕಣ್ಣು ಮುಚ್ಚಿ ಕೂತರು. ಒಂದರಲ್ಲಿ ಎಡಗೈ ಪೆಟ್ಟು ಖಾಲಿ ಮಣ್ಣಿನ ಹರವಿಯೊಳಗಿಂದ ಬಂದ ಹಾಗಿದೆ ಎಂದರು. ಇನ್ನೊಂದರಲ್ಲಿ ಬಲಗೈ ಪೆಟ್ಟು ಬರೀ ತಗಡು. ಕೊನೆಗೆ ಸೊಂಟದೆತ್ತರದ ಎರಡು ಸ್ಪೀಕರ್ ಹಿಡಿಸಿದವು. ಅವಕ್ಕೆ ದನಿ ಕೊಡುವ ಆಂಪ್ಲಿಫೈಯರ್ ಚಿಕ್ಕದು ಸಾಕಲ್ಲ ಎಂದೆ. ಚಿಕ್ಕದರ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ದನಿ ಒಡೆಯುತ್ತದೆಂದು ಅಂಗಡಿಯವನು ಹಾಕಿಯೇ ತೋರಿಸಿದ. ಆಂಟಿ ದೊಡ್ಡದನ್ನು ಆರಿಸಿದರು.

ಸುದ್ದಿ ಪಕ್ಕದೂರು ಫ್ರಿಸ್ಕೋದ ನಮ್ಮ ಕನ್ನಡದವರನ್ನು ಮುಟ್ಟಲು ಎಷ್ಟು ಹೊತ್ತು? ಗಂಡ ಹೋಗಿ ವರ್ಷ ತುಂಬಿಲ್ಲ, ಹಬ್ಬ ಹರಿದಿನ ಮಾಡುವಂತಿಲ್ಲ, ಇವರಿಗೆ ತಬಲಾ ಬೇಕಾಯಿತೇ ಎಂದು ಬಾಯಿಗೆ ಬಂದಂತೆ ಆಡಿಕೊಂಡರು. ಅಂಕಲ್ ಹೋದಾಗ ಒಂದು ಹೊತ್ತಿನ ಅನ್ನ ತಂದುಕೊಡದವರೂ ಆಡಿಕೊಂಡರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಅಂಕಲ್‌ನ ಅಕ್ಕ ಹ್ಯೂಸ್ಟನ್‌ನಿಂದ ಬಂದಿಳಿದರು. ತಿಂಗಳೊಳಗಾದರೆ ಅಂಗಡಿಯವರು ರಟ್ಟಿನ ಡಬ್ಬ ಸಮೇತ ವಾಪಸ್ ತೆಗೆದುಕೊಳ್ಳುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಇನ್ನೂ ದಿನವಿದೆ, ಈಗ ಕೊಟ್ಟುಬಿಡು, ವರ್ಷಾಬ್ದಿಕ ಕಳೆದ ಮೇಲೆ ಬೇಕಾದರೆ ತಗೋ ಎಂದು ನನ್ನೆದುರೇ ಹೇಳಿ, ಡಬ್ಬ ಎಲ್ಲಿ ಎಂದು ಕೇಳಿದರು.

"ಹರದು ಕಸದ ಗಾಡಿಗೆ ಹಾಕೀನ್ರಿ, ಅಕ್ಕಾರ," ಎಂದರು ಆಂಟಿ. "ಅವ್ರು ಇದ್ದಾಗ ಆವಾಜ್ ಸಣ್ಣ ಮಾಡಿದ್ದು ಅವ್ರ ಸಲುವಾಗಿ. ಈಗ ದೊಡ್ಡ ಮಾಡೂದು ನನ್ನ ಸಲುವಾಗಿ. ಮಂದಿ ಸಲುವಾಗಿ ನಾ ಆವಾಗೂ ಏನೂ ಮಾಡಿಲ್ಲ."

ಎದ್ದು ತಬಲಾ ಹಾಕಿದರು. ಆ ಸದ್ದಿಗೆ ಅಕ್ಕನ ಕೈಯಲ್ಲಿದ್ದ ಚಹಾದ ಕಪ್ಪು ಬಸಿಯೊಳಗೆ ಕಟಕಟ ಅದುರಿತು. ನನಗೆ ಒಳಗೊಳಗೇ ಖುಷಿ. ಆಂಟಿಯನ್ನು ನೋಡಿದೆ... ಅವರ ಕಣ್ಣು ತುಂಬಿತ್ತು. ಆದರೂ ಕೈ ಮಾತ್ರ ವಾಲ್ಯೂಮ್ ತಗ್ಗಿಸಲಿಲ್ಲ.

ಮುಂದೆ ಅವರು ಆಸ್ಟಿನ್‌ಗೆ ಶಿಫ್ಟ್ ಆದರು. ಫೋನ್ ಮಾಡಿದಾಗಲೆಲ್ಲ ಹಿಂದೆ ತಬಲಾ. ಅದನ್ನು ನಿಲ್ಲಿಸದೆ, ಅದಕ್ಕಿಂತ ಜೋರಾಗಿ ನನ್ನ ಆರೋಗ್ಯ ವಿಚಾರಿಸುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಹಾಡು ಬರುತ್ತಿತ್ತು. ನನ್ನ ಗಂಡ, ಪಾಪ, ಮರ್ಯಾದೆಗೆಂದು ಅದನ್ನು ಆರಿಸಲು ಹೋದರು. ನಾನು ಅಳುತ್ತಲೇ ಅವರ ಕೈ ಹಿಡಿದೆ.

"ನಿಲ್ಲಿಸ್ಬೇಡಿ," ಎಂದೆ. "ಜಾಸ್ತಿ ಮಾಡಿ."