ಅಟ್ಟಣೆ ಬೋರ್ಡಿನ ಸುರುಳಿ

ಮೊದಲೇ ಹೇಳ್ಬಿಡ್ತೀನಿ, ಇದನ್ನ ನೀವು ನಂಬಲ್ಲ. ನಂಬ್ದೆ ಅಂತ ನೀವು ತಲೆ ಆಡಿಸಿದ್ರೂ ನಾನು ನಿಮ್ಮನ್ನ ನಂಬಲ್ಲ. ನಮ್ಮ ಕ್ಲಾಸಲ್ಲಿ ಹೇಳ್ದಾಗ ಹಿಂದಿನ ಬೆಂಚಿನವರೆಲ್ಲ ಒಟ್ಟಿಗೆ "ಸಾಕು ಬುಡೋ ನಂಜ" ಅಂದ್ಬಿಟ್ರು. ಮಹಾರಾಜರ ಆನೆ ನನ್ನ ನೋಡಿ ಕಣ್ಣು ಹೊಡೀತು ಅಂದಾಗ ನಂಬಿದ್ದ ಜನ ಅವರು!

ನನ್ನ ಬಲಗೈ ತೋರುಬೆರಳಿನ ಉಗುರು ನೋಡಿ. ಸಂದಿಯಲ್ಲಿ ಒಂಚೂರು ಕೆಂಪು ಬಣ್ಣ ಇದೆ. ಅಮ್ಮ ಸೀಗೆಪುಡಿ ಹಾಕಿ ಉಜ್ಜಿದ್ಲು, ಸೀಮೆಎಣ್ಣೆ ಹಾಕಿ ಉಜ್ಜಿದ್ಲು, ಕೊನೆಗೆ ಬರೀ ಬೈಗುಳ ಹಾಕೇ ಉಜ್ಜಿದ್ಲು, ಹೋಗ್ಲಿಲ್ಲ. ಹೋಗದೇ ಇದ್ದಿದ್ದೇ ಒಳ್ಳೇದಾಯ್ತು ಅಂತ ನನಗನ್ಸುತ್ತೆ. ಅಷ್ಟು ದೊಡ್ಡ ಕೆಲಸ ಮಾಡಿದ ಬೆರಳಿಗೆ ಒಂದು ಗುರುತಾದ್ರೂ ಬೇಡ್ವೇ?

ಚಾಮುಂಡಿ ಬೆಟ್ಟದ ತಪ್ಪಲಲ್ಲಿ ತಾತ ಬಿಟ್ಟುಹೋದ ಒಂದು ತುಂಡು ಹೊಲ ಇದೆ ನಮಗೆ. ಅದರಲ್ಲಿ ರಾಗಿ, ಅವರೆ ಬೆಳೆಯೋದು ನಾವು, ತಿನ್ನೋದು ಕಾಡುಹಂದಿಗಳು, ಬೇಲಿ ಸರಿಯಿಲ್ಲ ಅಂತ ಬೈಸಿಕೊಳ್ಳೋದು ನಾನು. ಹೀಗೆ ಎಲ್ಲರಿಗೂ ಒಂದೊಂದು ಕೆಲಸ. ಹೊಲದ ಮೂಲೇಲಿ, ಹುಣಸೆಮರದ ಪಕ್ಕ, ನಾಲ್ಕು ಕಂಬದ ಮೇಲೆ ಬಿದಿರು ಕಟ್ಟಿ, ಹಲಗೆ ಹಾಸಿ, ಏಣಿ ಒರಗಿಸಿದ ಒಂದು ಅಟ್ಟಣೆ. ಅದರ ಮೇಲೆ ಕೂತು ಹಂದಿ ಹೊಡೀಲಿ ಅಂತ ತಾತ ಕಟ್ಟಿಸಿದ್ದು. ಹೊಲ ಉಳೋರು ಅದನ್ನ ಅಟ್ಟಣೆ ಅಂತಾರೆ, ಕೋವಿ ಇರೋರು ಮಚಾನು ಅಂತಾರೆ, ಅಮ್ಮ "ಆ ಸೌದೆ" ಅಂತಾಳೆ.

ಈಗ ಅಲ್ಲಿ ಬೇಟೆಗೆ ಕೂರೋರು ಅಮ್ಮನ ತಮ್ಮ, ನಮ್ಮ ವಕೀಲ ಮಾವ. ಮಾವನ ಹತ್ರ ಕೋವಿ ಇದೆ, ಕೋವಿಗೆ ಲೈಸೆನ್ಸ್ ಇದೆ, ತಲೆಗೆ ಟೋಪಿ ಇದೆ, ಫ್ಲಾಸ್ಕಲ್ಲಿ ಕಾಫಿ ಇದೆ. ಹಂದಿಗಳಿಗೆ ಮಾತ್ರ ಇದ್ಯಾವುದನ್ನೂ ಯಾರೂ ತಿಳಿಸಿಲ್ಲ. ಒಂದು ಸಂಜೆ ಮಾವ ಉಸಿರು ಬಿಗಿಹಿಡಿದು ಕೂತಿದ್ದಾಗ ಎಮ್ಮೆಗಾತ್ರದ ಹಂದಿಯೊಂದು (ಸರಿ, ಕರುಗಾತ್ರ ಅಂತಿಟ್ಕೊಳ್ಳಿ) ನೆಟ್ಟಗೆ ಬಂದು, ಕೆಳಗಿನ ಕಂಬಕ್ಕೆ ತನ್ನ ಬೆನ್ನು ಉಜ್ಜೋಕೆ ಶುರು ಮಾಡ್ತು. ಅಟ್ಟಣೆ ತೊಟ್ಟಿಲ ಹಾಗೆ ತೂಗಿತು. ಮಾವನಿಗೆ ನಿದ್ದೆ ಬಂತು. ಎದ್ದಾಗ ಹಂದಿಯೂ ಇಲ್ಲ, ಅವರೆಯೂ ಇಲ್ಲ.

ಮಾವ ಇಲ್ಲದ ಹೊತ್ತಲ್ಲಿ ಅಟ್ಟಣೆ ನಂದು. ಮನೇಲಿ ನನಗೆ ಅಂತ ಇರೋ ಜಾಗ ಅಂದ್ರೆ ಬಾಗಿಲ ಹಿಂದಿನ ಮೊಳೆ, ಅದರಲ್ಲೂ ಅರ್ಧಕ್ಕೆ ಅಪ್ಪನ ಕೊಡೆ ನೇತಾಡ್ತಿರುತ್ತೆ. ಅಟ್ಟಣೆ ಮೇಲೆ ಹೋಗಿ ಅಂಗಾತ ಮಲಗಿದ್ರೆ ಒಂದು ಕಡೆ ಇಡೀ ಮೈಸೂರು ಕಾಲಕೆಳಗೆ, ಅರಮನೆ ಗೋಪುರಗಳು ಲಾಡು ಜೋಡಿಸಿಟ್ಟ ಹಾಗೆ. ಇನ್ನೊಂದು ಕಡೆ ಮರಗಳ ನೆತ್ತಿ ದಾಟಿ ಬೆಟ್ಟದ ಮೇಲಿನ ಗುಡಿಯ ಗೋಪುರದ ತುದಿ. ನೆಲದ ಮೇಲೆ ನಿಂತ್ರೆ ಈ ತುದಿ ಕಾಣಲ್ಲ. ಮನುಷ್ಯ ಏಣಿ ಹತ್ತಿ ಸ್ವಲ್ಪ ಮೇಲೆ ಹೋದ್ರೂ ಸಾಕು, ಕೆಳಗಿರೋರ ಗಣಿತದ ಅಂಕ, ಬೇಲಿಯ ಚಿಂತೆ, ಯಾರು ಯಾರಿಗೆ ಏನಂದ್ರು ಅನ್ನೋದೆಲ್ಲ ಎಷ್ಟು ಚಿಕ್ಕದಾಗ್ಬಿಡುತ್ತೆ ಅನ್ನೋದನ್ನ ನಾನು ಅಲ್ಲಿ ಮಲಗಿ, ಮಾವನ ಫ್ಲಾಸ್ಕಲ್ಲಿ ಉಳಿದ ಕಾಫಿ ಕುಡೀತಾ ಕಂಡುಕೊಂಡೆ.

ಇಂಥ ಸುಖಕ್ಕೆ ಕಲ್ಲು ಹಾಕಿದ್ದು ಮಾವ. ಹೋದ ತಿಂಗಳು ಏಣಿ ಹತ್ತುವಾಗ ಜಾರಿ ಹುರುಳಿ ಹೊಟ್ಟಿನ ರಾಶಿ ಮೇಲೆ ಬಿದ್ರು. ಏಟೇನೂ ಆಗ್ಲಿಲ್ಲ. ಆದ್ರೆ ವಕೀಲರು ನೋಡಿ, ಬಿದ್ದಲ್ಲಿಂದ ಏಳೋಕೆ ಮುಂಚೆನೇ, ಮೂಗಿನ ಮೇಲಿನ ಹೊಟ್ಟು ಕೂಡ ಒರೆಸಿಕೊಳ್ಳದೆ, ಅಂಗಾತ ಮಲಗಿಕೊಂಡೇ ಅಪ್ಪನಿಗೆ ಕಾನೂನು ಹೇಳಿದ್ರು.

"ಭಾವ, ನಾನಾಗಿದ್ದಕ್ಕೆ ಸರಿಹೋಯ್ತು. ಬೇರೆ ಯಾರಾದ್ರೂ ಹತ್ತಿ ಬಿದ್ದಿದ್ರೆ? ಜಮೀನು ನಿಮ್ಮದು, ಅಟ್ಟಣೆ ನಿಮ್ಮದು, ಬೋರ್ಡಿಲ್ಲ, ಗೀರ್ಡಿಲ್ಲ. ಕೋರ್ಟಲ್ಲಿ ನೀವೇ ಜವಾಬ್ದಾರರು!"

"ಮೊದ್ಲು ಏಳಯ್ಯ," ಅಂದ್ರು ಅಪ್ಪ.

ಜವಾಬ್ದಾರಿ ಅನ್ನೋದು ವಿಚಿತ್ರವಾದ ಪದ ಕಣ್ರೀ. ಜವಾಬು ಅಂದ್ರೆ ಉತ್ತರ, ಹಾಗಾದ್ರೆ ಜವಾಬ್ದಾರ ಅಂದ್ರೆ ಉತ್ತರ ಕೊಡಬೇಕಾದೋನು. ನಮ್ಮನೇಲಿ ನಾನು ಉತ್ತರ ಕೊಟ್ರೆ "ಎದುರು ಮಾತಾಡ್ತೀಯಾ?" ಅಂತಾರೆ, ಕೊಡದಿದ್ರೆ "ಜವಾಬ್ದಾರಿ ಇಲ್ಲ" ಅಂತಾರೆ. ಅಪ್ಪನಿಗೆ ಮಾತ್ರ ಆ ಪದ ಮೈಮೇಲೆ ಇರುವೆ ಬಿಟ್ಟ ಹಾಗಾಯ್ತು. ಯಾರದೋ ಮಗ ಹತ್ತಿ, ಯಾರದೋ ಕಾಲು ಮುರಿದು, ಯಾರದೋ ತಾಯಿ ಬಂದು ಬಾಗಿಲಲ್ಲಿ ನಿಲ್ಲೋದನ್ನ ನೆನೆಸಿಕೊಂಡು ಅವತ್ತು ಅವರು ಮೊಸರನ್ನಕ್ಕೆ ಸಾರು ಹಾಕ್ಕೊಂಡ್ರು. ಮಾರನೇ ದಿನ ತೀರ್ಪು ಬಂತು. "ಎಚ್ಚರಿಕೆ ಬೋರ್ಡು ಹಾಕೋಣ. ಆಮೇಲೂ ಹೊರಗಿನೋರು ಒಬ್ರು ಹತ್ತಿದ್ದು ಕಂಡ್ರೆ, ಆವತ್ತೇ ಅಟ್ಟಣೆ ಕೀಳಿಸಿ ನಿಮ್ಮಮ್ಮನ ನೀರೊಲೆಗೆ ಹಾಕ್ತೀನಿ."

ಅಮ್ಮನ ಮುಖದಲ್ಲಿ ಆಗಲೇ ಬಿಸಿನೀರಿನ ಕಳೆ ಬಂತು. ನನ್ನ ಕಥೆ ಕೇಳಿ! ನನ್ನ ಮೈಸೂರು, ನನ್ನ ಗೋಪುರ, ನನ್ನ ಕಾಫಿ, ಎಲ್ಲ ಒಂದು ಹಂಡೆ ನೀರಿಗೆ. ಹಾಗಾಗಿ ಬೋರ್ಡು ಬರೆಯೋ ಕೆಲಸ ನಾನೇ ಬೇಡಿ ಇಸ್ಕೊಂಡೆ. ನನ್ನ ಅಕ್ಷರ ಮುತ್ತು ಅಂತ ಮೇಷ್ಟ್ರೇ ಒಂದ್ಸಲ ಅಂದಿದ್ರು. ಒಳಗೆ ಬರೆದಿದ್ದನ್ನ ಓದೋಕೆ ಮುಂಚೆ ಅಂದಿದ್ದು, ಆದ್ರೂ ಅಂದಿದ್ದು ಅಂದಿದ್ದೇ.

ಮಾವ ಹೇಳಿಕೊಟ್ಟ ಒಕ್ಕಣೆ ಬರೀಬೇಕಿದ್ರೆ ಅರಮನೆ ಬಾಗಿಲೇ ಬೇಕಿತ್ತು. ನನಗೆ ಸಿಕ್ಕಿದ್ದು ಟೀ ಪೆಟ್ಟಿಗೆಯ ಮುಚ್ಚಳ. ಅದಕ್ಕೇ ಚಿಕ್ಕದು ಮಾಡಿದೆ. ಮೇಲೆ "ಎಚ್ಚರಿಕೆ", ಅದರ ಕೆಳಗೆ ದೊಡ್ಡದಾಗಿ "ಹತ್ತ", ಜಾಗ ಸಾಲದೆ ಅದರ ಕೆಳಸಾಲಲ್ಲಿ "ಬೇಡಿ", ಕೊನೇಲಿ "ಬಿದ್ದರೆ ನಾವು ಜವಾಬ್ದಾರರಲ್ಲ". ಮುಗಿದಮೇಲೆ ದೂರ ನಿಂತು ನೋಡ್ತೀನಿ, ಏನೋ ಬೋಳುಬೋಳು. ಆ ತಕಾರದ ತಲಕಟ್ಟು ವಿಧವೆ ಹಣೆ ಹಾಗೆ... ಛೆ, ನಮ್ಮಜ್ಜಿ ಕೇಳಿದ್ರೆ ಬೈತಾಳೆ, ಬೇಸಿಗೆ ಕೆರೆ ಹಾಗೆ ಕಾಣ್ತು ಅಂತಿಟ್ಕೊಳ್ಳಿ. ಬೆರಳನ್ನ ಬಣ್ಣಕ್ಕೆ ಅದ್ದಿ ತಲಕಟ್ಟಿಗೆ ಒಂದು ಸುರುಳಿ ಕೊಟ್ಟೆ. ಎಂಥ ಸುರುಳಿ ಅಂತೀರಿ! ಬಳ್ಳಿ ಕುಡಿ ಹಾಗೆ ಮೇಲೆದ್ದು ದುಂಡಗೆ ಸುತ್ತಿಕೊಂಡಿತು. ತಲಕಟ್ಟು ಸುತ್ತಿಕೊಂಡ್ರೆ ಅದು ಗುಡಿಸು ಆಗುತ್ತೆ, "ತ್ತ" ಹೋಗಿ "ತ್ತಿ" ಆಗುತ್ತೆ ಅಂತ ಅಕ್ಷರಮಾಲೆ ಕಲಿಯೋ ಮಕ್ಕಳಿಗೂ ಗೊತ್ತು. ನಾನು ಆ ಹೊತ್ತಲ್ಲಿ ಕಲಾವಿದನಾಗಿದ್ದೆ, ಕಲಾವಿದರು ಕಾಗುಣಿತ ನೋಡಲ್ಲ.

ಬೋರ್ಡನ್ನ ಅವತ್ತೇ ಏಣಿ ಪಕ್ಕದ ಕಂಬಕ್ಕೆ ಹೊಡೆದೆ. ಮುಂದಿನ ಭಾನುವಾರ ಬೆಳಿಗ್ಗೆ ಸೈಕಲ್ ತುಳ್ಕೊಂಡು ಹೋಗ್ತೀನಿ, ಕಂಬಕ್ಕೆ ಅರಿಶಿನ ಕುಂಕುಮ! ಏಣಿ ಬುಡದಲ್ಲಿ ತೆಂಗಿನಕಾಯಿ ಚಿಪ್ಪು, ಊದುಬತ್ತಿ, ಬಾಳೆಹಣ್ಣಿನ ಸಿಪ್ಪೆ. ಹಸಿರು ಸೀರೆ ಹೆಂಗಸೊಬ್ರು ಕೈಮುಗಿದು ನಿಂತಿದ್ದಾರೆ. ತಲೆ ಎತ್ತಿ ನೋಡಿದ್ರೆ ನನ್ನ ಅಟ್ಟಣೆ ಮೇಲೆ, ನಾನು ಮಲಗೋ ಹಲಗೆ ಮೇಲೆ, ಒಬ್ಬ ಅಜ್ಜಿ ಗೋಪುರದ ಕಡೆ ತಿರುಗಿ ಕೂತು ದೇವರ ಜೊತೆ ಗಟ್ಟಿಯಾಗಿ ಮಾತಾಡ್ತಿದ್ದಾಳೆ.

"ಅಜ್ಜೀ, ಇಳೀರಿ! ಅದು ಹಂದಿ ಹೊಡೆಯೋ ಅಟ್ಟಣೆ!"

"ಸುಮ್ಕಿರು ಮಗ, ಮುಖ್ಯವಾದ ಮಾತಲ್ಲಿವ್ನಿ. ಹಸ ಗಬ್ಬ ಆಗೋ ವಿಚಾರ ಈಗ ಬಂದದೆ."

"ಬೋರ್ಡು ನೋಡ್ಲಿಲ್ವಾ ನೀವು?"

"ನೋಡೇ ಅತ್ತಿದ್ದು! ನಮ್ಮ ಸೊಸೆ ನಾಕನೇ ಕ್ಲಾಸು ಓದವ್ಳೆ. ಓದೇ ಗೌರಿ, ಈ ಮಗೀಗೆ ಓದಕ್ಕೆ ಬರಕ್ಕಿಲ್ವೇನೋ."

ಹಸಿರು ಸೀರೆಯ ಗೌರಮ್ಮನೋರು ಸೆರಗು ಸರಿಮಾಡಿಕೊಂಡು, ಶಾಲೆ ಇನ್ಸ್‌ಪೆಕ್ಟರ ಮುಂದೆ ನಿಂತ ಹಾಗೆ ನಿಂತು ಓದಿದ್ರು. "ಎಚ್ಚರಿಕೆ. ಹತ್ತಿ ಬೇಡಿ."

ಹತ್ತಿ, ಬೇಡಿ! ನನ್ನ ಸುರುಳಿ, ನನ್ನ ಮುದ್ದು ಸುರುಳಿ! ಅಕ್ಷರಕ್ಕೊಂದು ಗುಡಿ ಕೊಟ್ಟಿದ್ದೆ, ಅಟ್ಟಣೆಯೇ ಗುಡಿ ಆಗಿ ಕೂತಿತ್ತು.

"ಕೆಳಗಿಂದೂ ಓದ್ಲಾ?" ಅಂದ್ರು ಗೌರಮ್ಮ. "ಬಿದ್ದರೆ ನಾವು ಜವಾಬ್ದಾರರಲ್ಲ."

"ಕೇಳ್ದ್ಯಾ?" ಅಂದ್ಲು ಅಜ್ಜಿ ಮೇಲಿಂದ. "ನಾವಲ್ಲ ಅಂತ ಬರ್ದವ್ರೆ. ಅಂದ್ರೆ ಎಲ್ಲಾ ತಾಯೀದೇ ಜವಾಬ್ದಾರಿ ಅಂತ. ನನ್ನ ಮಂಡಿಗೆ ಬೆಟ್ಟದ ಮೆಟ್ಲು ಅತ್ತೋ ಕಾಲ ಮುಗೀತು ಮಗ. ಎಷ್ಟೋ ವರ್ಸ ಆಗಿತ್ತು ಗೋಪುರ ನೋಡಿ. ನನ್ನಂಥೋಳು ಒಬ್ಳು ಬತ್ತಾಳೆ ಅಂತ ಯಾವ ಪುಣ್ಯಾತ್ಮಂಗೆ ಒಳೀತೋ!"

ನಾನು ಆ ಪುಣ್ಯಾತ್ಮ ಯಾರು ಅಂತ ಹೇಳೋಕೆ ಬಾಯಿ ತೆರೆದೆ, ಬೋರ್ಡು ನೋಡಿ ಮುಚ್ಚಿದೆ. ಒಂದು ಗಳಿಗೆ ನನಗೆ ಆ ಸುರುಳಿ ಅಳಿಸೋ ಮನಸ್ಸೇ ಬರ್ಲಿಲ್ಲ. ಮಾವ ಹೇಳಿದ ಜವಾಬ್ದಾರಿ ನಮ್ಮ ಮೇಲೆ ಬೀಳದ ಹಾಗೆ ಕೆಳಗೆ ತಳ್ಳೋದು, ಅಜ್ಜಿಯದು ನಮ್ಮ ಕೈಯಲ್ಲಿ ಆಗದ್ದನ್ನ ಮೇಲಕ್ಕೆ ಕೊಡೋದು. ಪದ ಒಂದೇ. ಆದ್ರೆ ಅಪ್ಪ ಆ ಹೊತ್ತಿಗೆ ಬೇಲಿ ನೋಡೋಕೆ ಮಾವನ ಜೊತೆ ಹೊರಟಿರ್ತಾರೆ ಅನ್ನೋದು ಜ್ಞಾಪಕ ಬಂದು, ನನ್ನ ವೇದಾಂತ ಅಲ್ಲೇ ನಿಂತಿತು.

ಏಣಿ ಹತ್ತಿದೆ. ಅಜ್ಜಿ ಹಸುವಿನ ವಿಚಾರ ಮುಗಿಸಿ, ಮೊಮ್ಮಗಳ ಮದುವೆ ಮುಗಿಸಿ, "ಈ ಮಗೀಗೆ ಓದು ಬರ್ಲಿ ತಾಯಿ" ಅಂತ ನನ್ನದನ್ನೂ ಸೇರಿಸಿ, ನನ್ನ ಹೆಗಲು ಹಿಡ್ಕೊಂಡು ಏಣಿಗೆ ಕಾಲಿಟ್ಲು. ಗೌರಮ್ಮನೋರು ಕೆಳಗಿಂದ ಪಾದ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಟ್ರು. ಅಜ್ಜಿ ನೆಲ ಮುಟ್ಟಿದ್ಲು. ಮೇಲೆ ಉಳಿದಿದ್ದ ಹೂವು, ಕರ್ಪೂರದ ಮಸಿ ಎಲ್ಲ ಒರೆಸಿಬಿಡೋಣ ಅಂತ ನಾನು ಅಂಗಿ ಬಿಚ್ಚಿ ಉಜ್ಜೋಕೆ ಶುರು ಮಾಡಿದ್ದೆ, ಕೆಳಗೆ ಕೆಮ್ಮು ಕೇಳಿಸ್ತು. ಅಪ್ಪ.

ಅಪ್ಪ ಕಂಬದ ಕುಂಕುಮ ನೋಡಿದ್ರು. ಬೋರ್ಡು ನೋಡಿದ್ರು. ತುಟಿ ಅಲ್ಲಾಡಿಸಿ ಇನ್ನೊಂದು ಸಲ ಓದಿದ್ರು. ಮಾವ ಟೋಪಿ ತೆಗೆದು, "ಭಾವ, ಇದನ್ನ ಕೋರ್ಟಲ್ಲಿ ತೋರಿಸಿದ್ರೆ ಜಡ್ಜಿಯೂ ಬಂದು ಹತ್ತುತ್ತಾರೆ," ಅಂದ್ರು.

"ನೀವೇನಪ್ಪ ಇದ್ನ ಆಕಿಸಿದ್ದು?" ಅಂತ ಅಜ್ಜಿ ಅಪ್ಪನ ಎರಡೂ ಕೈ ಹಿಡ್ಕೊಂಡ್ಲು. "ನಿಮ್ಮ ಒಟ್ಟೆ ತಣ್ಣಗಿರ್ಲಿ."

ನೀರೊಲೆಗೆ ಹಾಕ್ತೀನಿ ಅಂದಿದ್ದ ಅಪ್ಪ ಅಜ್ಜಿಯ ಮಂಡಿ ನೋಡಿದ್ರು, ಏಣಿ ನೋಡಿದ್ರು, "ಅಮ್ಮಾ, ಇನ್ಮೇಲೆ ಬರೋ ದಿನ ಮನೆಗೆ ಹೇಳಿಕಳಿಸಿ, ನಾನೇ ಬಂದು ಏಣಿ ಹಿಡ್ಕೋತೀನಿ, ಒಬ್ರೇ ಮಾತ್ರ ಹತ್ತಬೇಡಿ," ಅಂದ್ರು. ಆಮೇಲೆ ಏಣಿಯನ್ನ ಅಟ್ಟಣೆಯಿಂದ ಬಿಡಿಸಿ, ಒಂದು ತುದಿ ತಾವು, ಇನ್ನೊಂದು ತುದಿ ಮಾವ, ಹೆಗಲ ಮೇಲಿಟ್ಕೊಂಡು ಮನೆ ಕಡೆ ಹೊರಟ್ರು.

"ಅಪ್ಪಾ! ನಾನಿನ್ನೂ ಮೇಲಿದ್ದೀನಿ!"

ಅಪ್ಪ ತಿರುಗಿ ನೋಡಿದ್ರು. "ಹತ್ತಿದ್ದೀಯಲ್ಲ," ಅಂದ್ರು. "ಬೇಡು."