ಪೂಜೆಗೆ ಕುಳಿತ ಪಾಸ್‌ವರ್ಡ್

ಆಯುಧಪೂಜೆಯ ದಿನ ನಿಮ್ಮ ಮನೆಯಲ್ಲಿ ಯಾವುದಕ್ಕೆಲ್ಲ ಪೂಜೆ ಮಾಡಿದಿರಿ? ಸ್ಕೂಟರಿಗೆ? ಮಿಕ್ಸಿಗೆ? ಈಳಿಗೆಮಣೆಗೆ? ನಮ್ಮ ಆಫೀಸಿನಲ್ಲಿ ಪಾಸ್‌ವರ್ಡಿಗೆ ಪೂಜೆ ನಡೆಯಿತು. ಅರಿಸಿನ, ಕುಂಕುಮ, ಸೇವಂತಿಗೆ, ಮಂಗಳಾರತಿ, ಒಂದಕ್ಕೂ ಕಡಿಮೆಯಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ವಾರವಾರ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ನಾನು ಹೊಟ್ಟೆಪಾಡಿಗೆ ಲಕ್ಷ್ಮೀಪುರಂನ ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ ಎಂಬುದು ನಿಮಗೆ ಗೊತ್ತು. ನೋಡಿಕೊಳ್ಳುವುದು ಎಂದರೆ? ಎಂಟು ವರ್ಷದಿಂದ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಮೌಸಿನೊಳಗಿನ ಗುಂಡು ಒರೆಸುವುದು, "ಆನೇ ಆಗ್ತಿಲ್ಲ ಕಣ್ರೀ" ಎನ್ನುವವರಿಗೆ ಪ್ಲಗ್ ಹಾಕಿಕೊಡುವುದು. ಸಾಕಾಗಿತ್ತು. ನಿಜವಾಗಿಯೂ ಸಾಕಾಗಿತ್ತು.

ಆಫೀಸಿಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಕಂಪ್ಯೂಟರಿಗೆ ಕನ್ನ ಹಾಕುವವರೂ ಇದ್ದಾರೆ, ಅವರನ್ನು ತಡೆಯುವುದೇ ಒಂದು ಉದ್ಯೋಗ ಎಂದು ತಿಳಿಯಿತು. ಪುಸ್ತಕ ತರಿಸಿಕೊಂಡು ಓದಿದೆ. ಮೂವತ್ತೆಂಟನೇ ವಯಸ್ಸಿನಲ್ಲಿ ಪರೀಕ್ಷೆ ಕಟ್ಟಿ ಪಾಸಾದೆ. ನಮ್ಮೂರಿನದೇ ಹೆಬ್ಬಾಳದ ಕಡೆಯ ಒಂದು ಕಂಪನಿಯವರು 'ಸೆಕ್ಯುರಿಟಿ ಅನಲಿಸ್ಟ್' ಕೆಲಸಕ್ಕೆ ಇಂಟರ್‌ವ್ಯೂ ಮಾಡಿ ಒಪ್ಪಿಕೊಂಡೂ ಬಿಟ್ಟರು. ಬೇಕಾದದ್ದು ಒಂದೇ ಕಾಗದ. ನಾನು ಸೆಕ್ಯುರಿಟಿ ಕೆಲಸ ಮಾಡಿದ್ದೇನೆ ಎಂದು ಈಗಿನ ಆಫೀಸಿನವರು ಬರೆದುಕೊಡುವ ಅನುಭವ ಪತ್ರ. ದಸರಾ ಮುಗಿದ ಸೋಮವಾರದೊಳಗೆ.

ಕೆಲಸವನ್ನಂತೂ ಮಾಡಿದ್ದೆ. ಮಾನಿಟರುಗಳಿಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಗಳನ್ನೆಲ್ಲ ಕಿತ್ತು ಬಿಸಾಡಿದ್ದೆ. (ಅರ್ಧಕ್ಕರ್ಧ ಜನರದು ಮನೆದೇವರ ಹೆಸರು. ಹಣೆ ನೋಡಿದರೇ ಪಾಸ್‌ವರ್ಡ್ ಗೊತ್ತಾಗುವಂತಿದ್ದರೆ ಕಳ್ಳನಿಗೆ ಇನ್ನೇನು ಕಷ್ಟ?) ಎಲ್ಲರಿಗೂ, ಎಲ್ಲ ಯಂತ್ರಗಳಿಗೂ ಉದ್ದುದ್ದದ ಹೊಸ ಪಾಸ್‌ವರ್ಡ್ ಕೊಟ್ಟೆ. ಸುಲಭವಾಗಿ ನೆನಪಿರುವಂಥದ್ದು ಪಾಸ್‌ವರ್ಡೇ ಅಲ್ಲ ಎಂದು ಓದಿದ್ದೆನಲ್ಲ! ಹಾಗಾಗಿ ಅವು ನನಗೂ ನೆನಪಿರಲಿಲ್ಲ. ಅಷ್ಟನ್ನೂ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೆ. ಇದ್ದದ್ದು ಅದೊಂದೇ ಪ್ರತಿ. ತಪ್ಪು ನನ್ನದೂ ಹೌದು, ಒಪ್ಪುತ್ತೇನೆ.

ಬೀರುವಿನ ಕೀಲಿಕೈ ಹೆಡ್ ಕ್ಲರ್ಕ್ ವೆಂಕಟಲಕ್ಷ್ಮಮ್ಮನವರ ಸೊಂಟದಲ್ಲಿರುತ್ತದೆ. ಅಗ್ರಹಾರದವರು, ನಿವೃತ್ತಿಗೆ ಇನ್ನೆರಡು ವರ್ಷ, ಆಫೀಸಿನ ಪೂಜೆ ಎಂದರೆ ಅವರದೇ ಪಾರುಪತ್ಯ. ಆಯುಧಪೂಜೆಯ ಬೆಳಿಗ್ಗೆ ಅವರು ರಿಜಿಸ್ಟರುಗಳನ್ನೆಲ್ಲ ಸರಸ್ವತಿ ಫೋಟೋದ ಮುಂದೆ ಜೋಡಿಸಿ, ಮೇಲೆ ರೇಷ್ಮೆ ವಸ್ತ್ರ ಹೊದಿಸಿದರು. ಹಾಜರಿ ಪುಸ್ತಕ, ಟಪಾಲು ಪುಸ್ತಕ, ಅವುಗಳ ಮಧ್ಯೆ ನನ್ನ ನೋಟ್‌ಬುಕ್. ನಾನು ಗಮನಿಸಲೇ ಇಲ್ಲ. ಆಡಳಿತಾಧಿಕಾರಿ ಶಿವಬಸಪ್ಪನವರು ಮಾನಿಟರುಗಳಿಗೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ಅವರ ಹಿಂದೆಯೇ ಹೋಗಿ, ಕೀಬೋರ್ಡಿನ ಸಂದಿಗೆ ಬಿದ್ದ ಕುಂಕುಮವನ್ನು ಬ್ರಷ್ಷಿನಲ್ಲಿ ಕೆದಕುವುದೇ ನನಗೆ ಕೆಲಸವಾಗಿತ್ತು.

ಎಲ್ಲರೂ ಪುರಿ, ಬೂಂದಿ ತಿನ್ನುತ್ತಿದ್ದಾಗ, ಹಿಂದಿನ ದಿನವೇ ತೆರೆದಿಟ್ಟಿದ್ದ ಸರ್ವರಿನ ಮುಂದೆ ಕೂತೆ. ಹೊರಗಿನಿಂದ ಯಾರೋ ಒಂದೇ ಸಮನೆ ಪಾಸ್‌ವರ್ಡ್ ಹಾಕಿ ನೋಡುತ್ತಿದ್ದಾರೆ. ತಪ್ಪು, ತಪ್ಪು, ತಪ್ಪು. ಸೆಕೆಂಡಿಗೊಂದು. ಪ್ರಿನ್ಸಿಪಾಲರ ಹೆಸರಿನಲ್ಲಿ ಆಯಿತು, ಈಗ ಪರೀಕ್ಷಾ ವಿಭಾಗದ ಹೆಸರಿನಲ್ಲಿ. ಆ ಕಂಪ್ಯೂಟರಿನಲ್ಲಿ ಅಷ್ಟೂ ಹುಡುಗರ ಅಂಕಗಳಿವೆ! ಅವರನ್ನು ಹೊರಗೇ ತಡೆಯಬೇಕಾದರೆ ಫೈರ್‌ವಾಲ್ ಎಂಬ ಡಬ್ಬಿಯೊಳಗೆ ಹೋಗಬೇಕು. ಅದರ ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿದೆ. ನೋಟ್‌ಬುಕ್ ಸರಸ್ವತಿಯ ಪಾದದಲ್ಲಿದೆ.

ಓಡಿದೆ. ವೆಂಕಟಲಕ್ಷ್ಮಮ್ಮ ಅಡ್ಡ ನಿಂತರು.

"ಪೂಜೆಗಿಟ್ಟ ಪುಸ್ತಕ ಮುಟ್ಟಬಾರ್ದು ಕಣಮ್ಮ ಶೈಲಜಾ. ನಾಳೆ ವಿಜಯದಶಮಿ, ಮತ್ತೆ ಪೂಜೆ ಮಾಡಿ ನಾನೇ ತೆಕ್ಕೊಡ್ತೀನಿ."

"ಕಳ್ಳ ಬಂದಿದಾನೆ ಮೇಡಂ!"

"ಎಲ್ಲಿ? ಗೇಟಲ್ಲಿ ಯಾರೂ ಇಲ್ವಲ್ಲ!"

ಶಿವಬಸಪ್ಪನವರ ಮೊರೆ ಹೋದೆ. ಅವರು ಬೂಂದಿ ಅಗಿಯುತ್ತಲೇ ತೀರ್ಪು ಕೊಟ್ಟರು. "ನೋಡೀಮ್ಮಾ, ಇವತ್ತು ಓದೋದೂ ಇಲ್ಲ, ಬರೆಯೋದೂ ಇಲ್ಲ. ಒಂದು ದಿನ ತಡ್ಕೊಳಕ್ಕೆ ಹೇಳಿ."

ಯಾರಿಗೆ ಹೇಳಲಿ? ಕನ್ನ ಹಾಕುವವನಿಗೆ?

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ವಾಪಸ್ ಹೋಗಿ ಇಂಟರ್‌ನೆಟ್ಟಿನ ಕೇಬಲ್ ಕಿತ್ತೆಸೆದೆ. ಮರುದಿನ ಪುಸ್ತಕ ಕೈಗೆ ಬಂದ ಮೇಲೆ ದಾರಿ ಮುಚ್ಚಿ, ಮತ್ತೆ ಕೇಬಲ್ ಸಿಕ್ಕಿಸಿ, ದಾಖಲೆಗಳನ್ನೆಲ್ಲ ಸಾಲುಸಾಲಾಗಿ ಓದಿದೆ. ಒಬ್ಬನೂ ಒಳಗೆ ಬಂದಿರಲಿಲ್ಲ. ಒಂದೇ ಒಂದು ಅಂಕ ಆಚೀಚೆ ಆಗಿರಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಆದರೆ ಆ ಒಂದು ದಿನ ಶಿವಬಸಪ್ಪನವರಿಗೊಂದು ಇ-ಮೇಲ್ ಬರಬೇಕಿತ್ತಂತೆ. ಜಂಬೂಸವಾರಿಯ ಪಾಸುಗಳನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂದು. ನಾನು ಕೇಬಲ್ ಸಿಕ್ಕಿಸಿ ಅದು ಅವರಿಗೆ ತಲುಪುವ ಹೊತ್ತಿಗೆ ಅಂಬಾರಿ ಅರಮನೆ ಬಿಟ್ಟು ಬನ್ನಿಮಂಟಪದ ದಾರಿ ಹಿಡಿದಿತ್ತು. ಬೀಗರ ಕಡೆಯ ಆರು ಜನರನ್ನು ಅವರು ಫುಟ್‌ಪಾತಿನಲ್ಲಿ ನಿಲ್ಲಿಸಿ ಆನೆಯ ಬಾಲ ತೋರಿಸಬೇಕಾಯಿತಂತೆ.

ಶನಿವಾರ ಪತ್ರ ಕೇಳಲು ಹೋದೆ.

"ಸೆಕ್ಯುರಿಟಿ ಕೆಲ್ಸ ಮಾಡಿದೀರಿ ಅಂತ ಎಂಗ್ರೀ ಬರೀಲಿ? ಏನೂ ಕಳುವಾಗಿಲ್ಲ, ಏನೂ ಕೆಟ್ಟಿಲ್ಲ."

"ಅದೇ ಸಾರ್ ನಾನು ಮಾಡಿದ ಕೆಲಸ!"

"ಆಗದೇ ಇದ್ದಿದ್ದಕ್ಕೆ ಸರ್ಟಿಫಿಕೇಟ್ ಕೊಡ್ತಾರೇನ್ರೀ?"

ಆಗ ನನ್ನ ಪರವಾಗಿ ಎದ್ದು ನಿಂತವರು ಯಾರು ಗೊತ್ತೇ? ವೆಂಕಟಲಕ್ಷ್ಮಮ್ಮ! "ಈ ಹುಡುಗಿ ಅವತ್ತು ಕಳ್ಳ ಬಂದ ಅಂತ ಓಡ್ಬಂದ್ಬುಟ್ಲು ಸಾರ್. ನಾನೇ ಪುಸ್ತಕ ಕೊಡ್ಲಿಲ್ಲ. ಕೇಬಲ್ ಕಿತ್ತಿದ್ದೂ ನಾನು ನೋಡ್ದೆ. ಬರ್ಕೊಡಿ ಪಾಪ." ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ಸರಿ, ನೀವು ನೋಡಿದ್ದನ್ನೇ ಬರೀತೀನಿ" ಎಂದರು ಶಿವಬಸಪ್ಪನವರು. ಬರೆದರು, ಸಹಿ ಹಾಕಿದರು, ಮೊಹರು ಒತ್ತಿದರು. ಅಕ್ಷರಶಃ ಇಲ್ಲಿದೆ:

"ಶ್ರೀಮತಿ ಶೈಲಜಾರವರು ಪ್ರಿಂಟರ್ ಇತ್ಯಾದಿ ಕೆಲಸಗಳಲ್ಲಿ ಅನುಭವ ಉಳ್ಳವರಾಗಿರುತ್ತಾರೆ. ಅನುಮತಿ ಪಡೆಯದೆ ಒಮ್ಮೆ ಇಂಟರ್‌ನೆಟ್ ಕೇಬಲ್ ಕಿತ್ತಿರುತ್ತಾರೆ. ಇವರ ಅವಧಿಯಲ್ಲಿ ಕಂಪ್ಯೂಟರುಗಳಿಗೆ ಯಾವುದೇ ಅಪಾಯ ಸಂಭವಿಸದೇ ಇರುವುದರಿಂದ, ಇವರು ಭದ್ರತಾ ಕೆಲಸ ನಿರ್ವಹಿಸಿದ್ದಾರೆಂದು ದೃಢೀಕರಿಸಲು ಅವಕಾಶವಿರುವುದಿಲ್ಲ."

ನಾಳೆ ಬೆಳಿಗ್ಗೆ ಈ ಕಾಗದ ಹಿಡಿದು ಹೆಬ್ಬಾಳದ ಬಸ್ ಹತ್ತಬೇಕು. ಹರಿದು ಹಾಕೋಣವೆಂದರೆ ನನ್ನ ಎಂಟು ವರ್ಷಕ್ಕೆ ಇರುವುದು ಇದೊಂದೇ ದಾಖಲೆ. ಬರೆಯುತ್ತಿರುವ ಈಗಲೂ ಹೊಟ್ಟೆ ಉರಿಯುತ್ತಿದೆ.

ನೀವೇ ಹೇಳಿ, ಅವತ್ತು ಕಳ್ಳನನ್ನು ಒಳಗೆ ಬಿಟ್ಟಿದ್ದರೆ ನನಗೆ ಕೆಲಸ ಸಿಗುತ್ತಿತ್ತು ತಾನೇ?