ಶೇಂಗಾ ಎಣ್ಣೆ ಹಚ್ಚಿದ ಹುಟ್ಟು

ಪಂದ್ಯದ ದೋಣಿಯಲ್ಲಿ ಹುಟ್ಟು ಹಾಕುವ ನಾಲ್ವರೂ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಮುಂದೇನಿದೆ ಅನ್ನುವುದು ಕಾಣುವುದು ಹಿಂತುದಿಯಲ್ಲಿ ಚುಕ್ಕಾಣಿಯ ಹಗ್ಗ ಹಿಡಿದು ಕೂತ ಐದನೆಯವನಿಗೆ ಮಾತ್ರ. ನಮ್ಮ ದೋಣಿಯಲ್ಲಿ ಆ ಐದನೆಯವನು ನಾನು. ಧೈರ್ಯವಂತ ಎಂದೋ ಜಾಣ ಎಂದೋ ನನ್ನನ್ನು ಆರಿಸಿದ್ದಲ್ಲ. ಒಂಬತ್ತನೇ ಇಯತ್ತೆಗೆ ಬಂದರೂ ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದೆ, ಅದಕ್ಕೆ. ಕೂತಲ್ಲೇ ಕೂತು ಉಳಿದವರನ್ನು ಗದರಿಸುವ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಈಗಲೂ ನನ್ನ ಹೆಂಡತಿ ಅದನ್ನೇ ಹೇಳುತ್ತಾಳೆ.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು, ಊರು ನಾಶಿಕ. ಅಪ್ಪ ಧಾರವಾಡದ ಕಡೆಯವರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಗೇ ಮನೆ. ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಹುಡುಗರಿಗೆ ದೋಣಿ ನಡೆಸಲು ಕಲಿಸುವ ಕ್ಲಬ್ಬೊಂದನ್ನು ದೇವಳಾಲಿ ಕ್ಯಾಂಪಿನಿಂದ ನಿವೃತ್ತರಾದ ಸುಭೇದಾರರೊಬ್ಬರು ಶುರು ಮಾಡಿದ್ದರು. ಕ್ಲಬ್ಬು ಎಂದರೆ ತಗಡಿನ ಒಂದು ಶೆಡ್ಡು, ಸೈನ್ಯದವರು ಬಳಸಿ ಬಿಟ್ಟ ಎರಡು ಮರದ ದೋಣಿ, ಒಂದಕ್ಕೊಂದು ಹೊಂದದ ಹುಟ್ಟುಗಳು. ಆದರೆ ಬಾವುಟ ಮಾತ್ರ ರೇಷ್ಮೆಯದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಪ್ಪ ನಗುತ್ತಿದ್ದರು. ನಗುತ್ತಲೇ ಚಂದಾ ಕೊಟ್ಟು ಕಳಿಸಿದ್ದರು.

ದೋಣಿಯಲ್ಲಿ ನನಗೆ ಎದುರುಬದುರಾಗಿ ಕೂರುತ್ತಿದ್ದವನು ಮೊದಲ ಹುಟ್ಟಿನವನು. ಅವನ ಲಯವನ್ನು ನೋಡಿಯೇ ಹಿಂದಿನ ಮೂವರು ಹುಟ್ಟು ಹಾಕಬೇಕು. ಆ ಮೂವರು ಮರಾಠಿ ಹುಡುಗರು. ಇವನು ಉಡುಪಿ ಕಡೆಯವನು, ಪಂಚವಟಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದವರ ದೊಡ್ಡ ಮಗ. ಶಾಲೆಯಲ್ಲಿ ಕನ್ನಡ ಮಾತಾಡಲು ನನಗೆ ಸಿಕ್ಕವನು ಅವನೊಬ್ಬನೇ. ನನ್ನ ಧಾರವಾಡದ ಮಾತಿಗೆ ಅವನು, ಅವನ ‘ಎಂತ ಮಾರಾಯ’ಕ್ಕೆ ನಾನು ನಗಾಡುವುದು ನಿತ್ಯದ ಆಟ. ಹಿಟ್ಟು ರುಬ್ಬಿ ರುಬ್ಬಿ ಗಟ್ಟಿಯಾದ ತೋಳು ಅವನದು. ಹುಟ್ಟು ಹಿಡಿದರೆ ನೀರು ಅವನ ಮಾತು ಕೇಳುತ್ತಿತ್ತು.

ಅವನಿಗೆ ಪುಣೆಗೆ ಹೋಗಬೇಕಿತ್ತು. ಆ ವರ್ಷ ನಮ್ಮ ಹಿನ್ನೀರಿನಲ್ಲೇ ನಡೆಯಲಿದ್ದ ದೋಣಿ ಪಂದ್ಯದಲ್ಲಿ ಗೆದ್ದ ತಂಡಕ್ಕೆ ಪುಣೆಯಲ್ಲಿ ತರಬೇತಿ ಕೊಡಿಸುತ್ತೇನೆಂದು ಸುಭೇದಾರರು ಹೇಳಿದ್ದರು. ಅಲ್ಲಿ ಚೆನ್ನಾಗಿ ಮಾಡಿದವರನ್ನು ಕಾಲೇಜಿನವರು ತಾವಾಗಿ ಕರೆದು ಸೇರಿಸಿಕೊಳ್ಳುತ್ತಾರೆ ಎಂದೂ ಹೇಳಿದ್ದರು. ಅವನ ಅಪ್ಪನದು ಬೇರೆಯೇ ಲೆಕ್ಕಾಚಾರ. ಮೆಟ್ರಿಕ್ ಮುಗಿದ ಕೂಡಲೇ ಮಗ ಔರಂಗಾಬಾದಿನಲ್ಲಿರುವ ಚಿಕ್ಕಪ್ಪನ ಹೋಟೆಲಿಗೆ ಹೋಗಿ ಕೆಲಸ ಹಿಡಿಯಬೇಕು. ಮಗ ಒಂದು ತಿಂಗಳು ಬೆನ್ನು ಹತ್ತಿ ಕೇಳಿದ ಮೇಲೆ, ಮೊದಲು ಗೆದ್ದು ತೋರಿಸು, ಆಮೇಲೆ ಮಾತಾಡುವ ಎಂದಿದ್ದರು. ಅಷ್ಟೇ ಅಲ್ಲ, ತಾವೇ ಬಂದು ನೋಡುತ್ತೇನೆಂದೂ ಹೇಳಿಬಿಟ್ಟಿದ್ದರು. ಬೆಳಗಿನ ತಿಂಡಿಯ ಹೊತ್ತಿನಲ್ಲಿ ಹೋಟೆಲು ಬಿಟ್ಟು ಅವರು ಮದುವೆಗೂ ಹೋದವರಲ್ಲ. ಹಾಗಾಗಿ ಅವನಿಗೆ ಗೆಲ್ಲಲೇಬೇಕಿತ್ತು, ಅದು ನನಗೂ ಗೊತ್ತಿತ್ತು.

ಇನ್ನು ಹುಟ್ಟಿಗೆ ಹಚ್ಚುವ ಹಾಳು ಕೊಬ್ಬಿನ ವಿಷಯ. ಹುಟ್ಟಿನ ನಡುವೆ, ದೋಣಿಯಂಚಿನ ಹಿತ್ತಾಳೆ ಕವೆಯಲ್ಲಿ ಕೂತು ತಿರುಗುವ ಕಡೆ, ಚರ್ಮದ ಪಟ್ಟಿ ಸುತ್ತಿರುತ್ತಾರೆ. ಅದು ಸಲೀಸಾಗಿ ತಿರುಗಲು ಏನಾದರೂ ಜಿಡ್ಡು ಹಚ್ಚಬೇಕು. ಸುಭೇದಾರರು ಕ್ಯಾಂಪಿನ ಕಸಾಯಿಯ ಹತ್ತಿರ ಕುರಿಯ ಕೊಬ್ಬು ತಂದು, ಕಾಯಿಸಿ, ತಂಬಾಕಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಎಣ್ಣೆ ಯಾಕಾಗದು ಎಂದು ನಾನೊಮ್ಮೆ ಕೇಳಿದ್ದಕ್ಕೆ, ಎಣ್ಣೆ ಅಲೆಮಾರಿ, ಕೊಬ್ಬು ಹಚ್ಚಿದಲ್ಲೇ ಇರುತ್ತದೆ ಎಂದಿದ್ದರು. ಹಚ್ಚುವ ಕೆಲಸ ಚುಕ್ಕಾಣಿಯವನದು, ಹುಟ್ಟು ಹಾಕುವವರ ಕೈಗೆ ಜಿಡ್ಡು ತಾಗಕೂಡದು ಎಂಬುದು ಸೈನ್ಯದ ಪದ್ಧತಿಯಂತೆ. ಮೊದಲ ಸಲ ನಾನು ಅದನ್ನು ಹಚ್ಚಿ ಮನೆಗೆ ಹೋದ ದಿನ ಅವ್ವ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡಳು. ಏನು ಎಂದು ತಿಳಿದ ಮೇಲಂತೂ ಹಿತ್ತಲ ನಲ್ಲಿಯ ಕೆಳಗೆ ಕೂರಿಸಿ ಸೀಗೇಕಾಯಿ ಹಾಕಿ ತಿಕ್ಕಿದಳು.

"ಇನ್ನೊಮ್ಮೆ ಅದನ್ನ ಮುಟ್ಟಿದ ಕೈಲೆ ಒಳಗ ಬಂದ್ಯೋ, ನಿನ್ನ ತಾಟು ಹೊರಗ ಹಾಕತೀನಿ ನೋಡು," ಎಂದಳು.

ಆಮೇಲೆ ಏನೇನೋ ನೆಪ ಹೇಳಿ ತಪ್ಪಿಸಿಕೊಂಡೆ. ಸುಭೇದಾರರು ಗೊಣಗಿಕೊಂಡು ತಾವೇ ಹಚ್ಚಿಕೊಳ್ಳುತ್ತಿದ್ದರು. ಬಹಳ ವರ್ಷ ನಾನು ಈ ಕಥೆಯ ತಪ್ಪನ್ನು ಮನಸ್ಸಿನಲ್ಲೇ ಅವ್ವನ ಮೇಲೆ ಹೊರಿಸಿದೆ. ಪಾಪ, ಅವಳಿಗೆ ಇದರಲ್ಲಿ ಯಾವುದೂ ಗೊತ್ತಿರಲಿಲ್ಲ. ಸೈಕಲ್ ಚೈನಿಗೆ ಬೇಕು ಎಂದು ಸುಳ್ಳು ಹೇಳಿ ಅವಳಿಂದ ಒಂದು ಸಣ್ಣ ಬಾಟಲಿ ಶೇಂಗಾ ಎಣ್ಣೆ ಇಸಿದುಕೊಂಡವನು ನಾನೇ.

ಪಂದ್ಯದ ದಿನ ಸುಭೇದಾರರಿಗೆ ಅತಿಥಿಗಳನ್ನು ಕೂರಿಸುವ ಗಡಿಬಿಡಿ. ಡಬ್ಬಿಯನ್ನು ನನ್ನ ಕೈಗಿಟ್ಟು ಓಡಿದರು. ಪುಣೆಯ ತಂಡ, ಕ್ಯಾಂಪಿನ ಸಿಪಾಯಿಗಳ ಮಕ್ಕಳ ತಂಡ, ನಾವು, ಹೀಗೆ ಮೂರು ದೋಣಿ. ನಮ್ಮ ಹುಡುಗರು ದೋಣಿಯನ್ನು ನೀರಿಗೆ ಇಳಿಸುತ್ತಿದ್ದಾಗ ನಾನು ಡಬ್ಬಿಯನ್ನು ಜಾಲಿಮರದ ಬುಡಕ್ಕೆ ತಳ್ಳಿ, ಚಡ್ಡಿಯ ಜೇಬಿನಿಂದ ಬಾಟಲಿ ತೆಗೆದೆ. ನಾಲ್ಕೂ ಹುಟ್ಟುಗಳ ಚರ್ಮಕ್ಕೆ ಎಣ್ಣೆ ಸವರಿದೆ. ಗೆಳೆಯನ ಹುಟ್ಟಿಗೆ ಮಾತ್ರ ಎರಡು ಸಲ ಸುರಿದೆ. ಅವನದು ಎಲ್ಲರಿಗಿಂತ ಹಗುರವಾಗಿ ತಿರುಗಲಿ ಎಂಬ ಆಸೆ. ಇಂಥ ಪ್ರೀತಿಗೆ ಬೆಂಕಿ ಹಾಕಬೇಕು!

ಆಮೇಲೆ ಹುಟ್ಟುಗಳನ್ನು ನಮ್ಮ ರೂಢಿಯ ಹಾಗೆ, ಅಲಗು ಮೇಲೆ, ಹಿಡಿ ಕೆಳಗೆ ಮಾಡಿ ಮರಕ್ಕೆ ಒರಗಿಸಿದೆ. ಅಲಗು ನೆಲಕ್ಕೆ ತಾಗಿ ಸೀಳಬಾರದಲ್ಲ. ಭಾಷಣಗಳು ನಡೆದವು, ಹಾರ ಹಾಕಿದರು, ಬಿಸಿಲು ಏರಿತು. ಸುಭೇದಾರರು ಹಾದುಹೋಗುತ್ತ ಕೊಬ್ಬು ಹಚ್ಚಿದೆಯಾ ಎಂದು ಹಿಂದಿಯಲ್ಲಿ ಕೇಳಿದರು. ಹಚ್ಚಿದೆ ಸಾಹೇಬ್ ಎಂದೆ.

ಪಂದ್ಯ ಶುರುವಾಗುವ ಕಡೆಗೆ ದೋಣಿ ತಂದು ನಿಲ್ಲಿಸಿದೆವು. ದಡದಲ್ಲಿ ನನ್ನ ಗೆಳೆಯನ ಅಪ್ಪ ಕಂಡರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಮಡಚಿದ ಕೊಡೆ. ಎಲ್ಲರಿಗಿಂತ ಮುಂದೆ, ನೀರು ಚಪ್ಪಲಿಗೆ ತಾಗುವಷ್ಟು ಮುಂದೆ ನಿಂತಿದ್ದರು. ಬಂದಿದ್ದಾರೆ ಎಂದು ಕಣ್ಣಿನಲ್ಲೇ ತೋರಿಸಿದೆ. ಅವನು ಕತ್ತು ತಿರುಗಿಸಿ ನೋಡಿ ನಕ್ಕ.

ಕ್ಯಾಂಪಿನವರ ದೋಣಿ ಸಾಲಿಗೆ ಬರಲಿಲ್ಲವೆಂದು ಸ್ವಲ್ಪ ಹೊತ್ತು ಕಾಯಿಸಿದರು. ಆಗ ಗೆಳೆಯ ಅಂಗೈಯನ್ನು ಚಡ್ಡಿಗೆ ಒರಸಿಕೊಂಡ. ಮತ್ತೆ ಒರಸಿಕೊಂಡ.

"ಕೈ ಎಂತದೋ ಬೆವರ್ತಾ ಉಂಟು ಮಾರಾಯ," ಎಂದ.

ಅವನ ಎದುರಿಗೆ ಕೂತ ನನಗೆ ಹುಟ್ಟಿನ ಹಿಡಿ ಬಿಸಿಲಿಗೆ ಮಿರಮಿರ ಹೊಳೆಯುವುದು ಕಾಣಿಸಿತು. ಬೆವರು ಹಾಗೆ ಹೊಳೆಯುವುದಿಲ್ಲ. ಚರ್ಮದ ಮೇಲಿನ ಎಣ್ಣೆ ಬಿಸಿಲಿಗೆ ತೆಳ್ಳಗಾಗಿ, ಹುಟ್ಟಿನುದ್ದಕ್ಕೂ ಇಳಿದು, ಹಿಡಿಯವರೆಗೆ ಬಂದಿತ್ತು. ನನಗೆ ಆ ಕ್ಷಣವೇ ತಿಳಿಯಿತು. ಒಂದು ಮಾತು ಸಾಕಿತ್ತು. ಅಂಗಿ ಬಿಚ್ಚಿ ಕೊಟ್ಟು ಚೆನ್ನಾಗಿ ಒರಸು ಎಂದಿದ್ದರೆ ಸಾಕಿತ್ತು, ಕೈಯೆತ್ತಿ ಒಂದು ನಿಮಿಷ ಕೇಳಿದ್ದರೂ ಕೊಡುತ್ತಿದ್ದರು. ಆದರೆ ಯಾಕೆ ಎಂದು ಕೇಳುತ್ತಿದ್ದರು. ಕೊಬ್ಬಿನ ಡಬ್ಬಿ ಮರದ ಬುಡದಲ್ಲಿ ಸಿಗುತ್ತಿತ್ತು, ಸುಳ್ಳು ಹೇಳಿದ್ದು ಗೊತ್ತಾಗುತ್ತಿತ್ತು, ಉಳಿದ ಹುಡುಗರು ನನ್ನ ಮಡಿಯನ್ನು ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಇಷ್ಟಕ್ಕೇ ಹೆದರಿ ಬಾಯಿಗೆ ಬೀಗ ಹಾಕಿಕೊಂಡೆ. ಇಡೀ ದೋಣಿಯಲ್ಲಿ ಬಾಯಿಗೆ ಕೆಲಸವಿದ್ದವನು ನಾನೊಬ್ಬನೇ.

ಬಾವುಟ ಬಿತ್ತು. ಹುಡುಗರು ಎಳೆದ ರೀತಿಯನ್ನು ಏನೆಂದು ಹೇಳಲಿ! ನಾನು ಎಣಿಸುತ್ತಿದ್ದೆ, ಅವರು ಎಳೆಯುತ್ತಿದ್ದರು. ಅರ್ಧ ದಾರಿಗೆ ಕ್ಯಾಂಪಿನವರು ಹಿಂದೆ ಬಿದ್ದರು. ಮುಕ್ಕಾಲು ದಾರಿಗೆ ಪುಣೆಯ ದೋಣಿಯ ಮೂತಿ ನನ್ನ ಮೊಣಕೈಯ ಸಾಲಿಗೆ ಬಂತು, ಆಮೇಲೆ ಅದೂ ಹಿಂದೆ ಸರಿಯಿತು. ನಾವು ಗೆಲ್ಲುತ್ತಿದ್ದೆವು. ಎಣ್ಣೆಯ ಮಾತನ್ನೇ ಮರೆತು, ಇನ್ನು ಇಪ್ಪತ್ತೇ ಇಪ್ಪತ್ತು ಎಳೆತ, ಜೋರಾಗಿ ಎಂದು ಕಿರುಚಿದೆ. ಗೆಳೆಯ ಹಲ್ಲು ಕಚ್ಚಿ ಎಳೆದ. ಎಳೆದಾಗ ಹಿಡಿ ಅವನ ಮುಷ್ಟಿಯಲ್ಲಿ ಗಿರ್ರನೆ ತಿರುಗಿತು. ಅಲಗು ಓರೆಯಾಗಿ ನೀರಿನೊಳಕ್ಕೆ ಹೋಗಿ ಸಿಕ್ಕಿಕೊಂಡಿತು, ಹಿಡಿ ಬಂದು ಅವನ ಎದೆಗೆ ಗುದ್ದಿತು. ಅವನು ಅಂಗಾತ ಹಿಂದಿನವನ ಮಡಿಲಿಗೆ ಬಿದ್ದ, ದೋಣಿ ಅಡ್ಡ ತಿರುಗಿತು. ಪುಣೆಯವರು ಹೋದರು, ಕ್ಯಾಂಪಿನವರೂ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವನು ಎದೆ ಹಿಡಿದುಕೊಂಡು ಬಗ್ಗಿ ಕೂತಿದ್ದ. ಉಳಿದ ಮೂವರು ದೋಣಿಯನ್ನು ನಿಧಾನಕ್ಕೆ ದಡಕ್ಕೆ ತಂದರು. ಅಷ್ಟು ಹೊತ್ತಿನಲ್ಲಿ ನಾನೇನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನ ಹುಟ್ಟನ್ನು ನನ್ನ ಕಡೆಗೆ ಎಳೆದುಕೊಂಡು, ದಡದ ಕೆಸರು ಕೈಗೆ ಸಿಕ್ಕ ಕೂಡಲೇ ಹಿಡಿಯನ್ನು ಕೆಸರಿನಿಂದ ತಿಕ್ಕಿ ತೊಳೆದುಬಿಟ್ಟೆ.

ಸುಭೇದಾರರು ಬಂದವರೇ ಮೊದಲು ಹುಟ್ಟನ್ನು ಮುಟ್ಟಿ ನೋಡಿದರು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನಾಗಿ ಜೇಬಿನ ಬಾಟಲಿಯ ಮೇಲೆ ಹೋಯಿತು, ಅವರು ನನ್ನ ಕಡೆ ನೋಡಲಿಲ್ಲ. ಹಿಡಿ ಒರಟಾಗಿಯೇ ಇತ್ತು, ಸರಿಯಾಗಿಯೇ ಇತ್ತು. ಅವರು ಗೆಳೆಯನ ಹೆಗಲ ಮೇಲೆ ಕೈಯಿಟ್ಟು, ಬೈಯದೆ, ಮೆತ್ತಗೆ ಕೇಳಿದರು: "ಡರ್ ಗಯಾ ಕ್ಯಾ, ಬೇಟಾ?" ಹೆದರಿಬಿಟ್ಟೆಯಾ ಎಂದು. ಅವನು ತನ್ನ ಅಂಗೈ ನೋಡಿಕೊಂಡ. ಯೋಚಿಸುತ್ತಿದ್ದ. ಹೆದರಿರಬಹುದೇನೋ ಎಂದು ಅವನು ಯೋಚಿಸುತ್ತಿದ್ದದ್ದು ನನಗೆ ಅವನ ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ಅವನ ಅಪ್ಪ ಬಂದರು. ಕೈ ಜಾರಿತು ಅಪ್ಪಯ್ಯ ಎಂದ ಅವನು.

"ನಾನೂ ನೋಡಿದೆ," ಎಂದರು ಅವರು. "ಕೊನೆ ತನಕ ಹಿಡ್ಕೊಳ್ಳುದು ನಿನ್ನ ಕೈಲಿ ಆಗುದಿಲ್ಲ. ಇರ್ಲಿ, ಬಾ."

ಅವರು ಕೆಟ್ಟ ಮನುಷ್ಯರಲ್ಲ. ನಮ್ಮೆಲ್ಲರಿಗೂ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದರು. ನಾನೂ ತಿಂದೆ. ಮೆಟ್ರಿಕ್ ಮುಗಿದ ವರ್ಷ ಜೂನ್ ತಿಂಗಳಲ್ಲಿ ಅವನನ್ನು ಔರಂಗಾಬಾದಿನ ಬಸ್ಸಿಗೆ ಹತ್ತಿಸಿದೆವು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ ದೊಡ್ಡವರು. ಇಲ್ಲಿ ಮಾಡಿದವನು ನಾನು, ಉಂಡವನು ಅವನು.

ಆ ದಶಕ ಮುಗಿಯುತ್ತ ಬಂದಾಗ ಕೆಲಸದ ಮೇಲೆ ನಾನು ಔರಂಗಾಬಾದಿಗೆ, ಈಗಿನ ಸಂಭಾಜಿನಗರಕ್ಕೆ, ಹೋಗಬೇಕಾಯಿತು. ಗೆಳೆಯನ ಚಿಕ್ಕಪ್ಪನ ಹೋಟೆಲು ಬಸ್ ಸ್ಟ್ಯಾಂಡಿನ ಹತ್ತಿರವೇ ಇತ್ತು. ಅವನು ದಪ್ಪಗಾಗಿದ್ದ. ನನ್ನನ್ನು ಕಂಡವನೇ ಎಲ್ಲ ಬಿಟ್ಟು ಓಡಿ ಬಂದ, ಮಸಾಲೆ ದೋಸೆ ತರಿಸಿದ, ತಿನ್ನು ತಿನ್ನು ಎಂದು ತಲೆ ತಿಂದ. ಅದು ಇದು ಮಾತಾಡುತ್ತ, ಚಿಕ್ಕಪ್ಪ ಊರಿನ ಇನ್ನೊಂದು ಕಡೆ ಹೋಟೆಲು ಹಾಕಿ ಪೂರ್ತಿ ಅವನಿಗೇ ಬಿಟ್ಟುಕೊಡಲು ಬಂದದ್ದನ್ನೂ ತಾನು ಬೇಡವೆಂದದ್ದನ್ನೂ ಹೇಳಿದ. ಯಾಕೋ ಹುಚ್ಚಪ್ಪ ಎಂದೆ. ಅವನು ನಗುತ್ತಲೇ, ಕೊನೆ ಗಳಿಗೆಗೆ ಹೆದರಿ ಕೈಬಿಡುವ ಜಾತಿ ತನ್ನದು, ಅದು ಚಿಕ್ಕಂದಿನಲ್ಲೇ ಗೊತ್ತಾದದ್ದು ಒಳ್ಳೆಯದೇ ಆಯಿತು, ನೀನೇ ಎದುರಿಗೆ ಕೂತು ನೋಡಿದ್ದೀಯಲ್ಲ ಎಂದ.

ದೋಸೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅಲ್ಲಿಯೇ, ಸಾಂಬಾರಿನ ವಾಸನೆಯ ನಡುವೆ, ಎಲ್ಲ ಹೇಳಿದೆ. ಕೊಬ್ಬಿನ ಡಬ್ಬಿ, ಶೇಂಗಾ ಎಣ್ಣೆ, ಹೊಳೆಯುತ್ತಿದ್ದ ಹಿಡಿ, ಕೆಸರು, ಒಂದನ್ನೂ ಬಿಡಲಿಲ್ಲ. ಅವನು ಬೈಯಲಿ, ಒಂದು ಏಟು ಹಾಕಲಿ ಎಂದು ಕಾದೆ. ಅವನು ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ.

"ಅಪ್ಪಯ್ಯ ಇರುವಾಗ ಹೇಳ್ಬೇಕಿತ್ತು ನೀನು," ಎಂದ. "ಹಾಸಿಗೆ ಹಿಡಿದು ಊರಲ್ಲಿದ್ದಾಗ ನಾನು ಹೋಗಿ ಎರಡು ತಿಂಗಳು ಇದ್ದೆ. ಎಬ್ಬಿಸಿ ಕೂರಿಸ್ಲಿಕ್ಕೆ ಕೈ ಕೊಟ್ರೆ ಹಿಡೀತಿರ್ಲಿಲ್ಲ. ನೀನು ಬೇಡ, ತಮ್ಮನ್ನ ಕರಿ ಅಂತಿದ್ರು."

ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಹಾಸಿಗೆ ಹಿಡಿದು ಊರಿಗೆ ಹೋಗುವವರೆಗೆ ಅವರು ನಾಶಿಕದಲ್ಲೇ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಇದ್ದರು. ವಾರಕ್ಕೆ ಎರಡು ಸಲವಾದರೂ ನಾನು ಅವರ ಹೋಟೆಲಿಗೆ ಹೋಗಿ, ಅವರ ಎದುರಿಗೇ ಕೂತು ಕಾಫಿ ಕುಡಿದು ಬರುತ್ತಿದ್ದೆ.